ಫಾರಿನ್ ಪದಕ್ಕೆ ನಾನು ಕೊಟ್ಟ ಅರ್ಥ

ನಾನು ಒಂದು ನಿಘಂಟು. ಇಂಗ್ಲಿಷಿನಿಂದ ಕನ್ನಡಕ್ಕೆ ಅರ್ಥ ಹೇಳುವವನು, ಅಂಗೈಯಗಲದವನು. ಹುಬ್ಬಳ್ಳಿಯ ಒಂದು ಮುದ್ರಣಾಲಯದಲ್ಲಿ ಅಂಟಿನ ವಾಸನೆಯ ನಡುವೆ ಹುಟ್ಟಿದೆ. ನನ್ನನ್ನು ಮೊದಲು ಕೊಂಡವನು ಬ್ಯಾಂಕ್ ಪರೀಕ್ಷೆಗೆ ಓದುತ್ತಿದ್ದವನೊಬ್ಬ. ಮೈತುಂಬ ಕೆಂಪು ಗೆರೆ ಎಳೆದು, ನೌಕರಿ ಸಿಕ್ಕ ಮೇಲೆ ಹಳೆ ಪುಸ್ತಕದ ಗಾಡಿಗೆ ಹಾಕಿದ. ಅಲ್ಲಿಂದ ನನ್ನನ್ನು ಎತ್ತಿಕೊಂಡವಳು ಫಿಲೋಮಿನಾ ಸಿದ್ದಿ.

ಫಿಲೋಮಿನಾ ಯಲ್ಲಾಪುರದ ಕಡೆಯವಳು. ಅವಳ ಹಿರಿಯರನ್ನು ಯಾವುದೋ ಕಾಲದಲ್ಲಿ ಆಫ್ರಿಕಾದಿಂದ ಹಡಗಿನಲ್ಲಿ ತಂದಿಳಿಸಿದ್ದರಂತೆ. ಅವಳ ಗುಂಗುರು ಕೂದಲು, ಕಪ್ಪು ಮೈಬಣ್ಣ ಅಲ್ಲಿಯದು. ಉಳಿದದ್ದೆಲ್ಲ ಇಲ್ಲಿಯದೇ, ಮನೆಯಲ್ಲಿ ಆಡುವ ಕನ್ನಡ, ಕೊಂಕಣಿಯೂ. ಕಾಡಿನಂಚಿನ ಒಂದು ರೆಸಾರ್ಟಿನಲ್ಲಿ ರೊಟ್ಟಿ ಬಡಿಯುತ್ತಿದ್ದಳು. ಬಂದ ಅತಿಥಿಗಳು ಅವಳನ್ನು ನೋಡಿ ತಮ್ಮತಮ್ಮಲ್ಲೇ ಇಂಗ್ಲಿಷಿನಲ್ಲಿ ಏನೋ ಅಂದುಕೊಂಡು ಫೋಟೊ ತೆಗೆಯುತ್ತಿದ್ದರು. ಆ ಪದಗಳನ್ನು ಅವಳು ಕಿವಿಯಲ್ಲೇ ಹಿಡಿದುಕೊಂಡು ಮನೆಗೆ ತರುತ್ತಿದ್ದಳು. ಏಳನೇ ಇಯತ್ತೆಯ ಓದಿನ ಬಲದ ಮೇಲೆ ನನ್ನೊಳಗೆ ತಡಕಾಡುತ್ತಿದ್ದಳು. ಸ್ಟ್ರೇಂಜ್: ಅಪರಿಚಿತ. ವಿಯರ್ಡ್: ವಿಲಕ್ಷಣ. ಒಂದೊಂದಕ್ಕೂ ಅವಳ ತಮ್ಮ ಜುಜೆ ಮುಖ ಸೊಟ್ಟ ಮಾಡಿ ಕುಣಿದು ತೋರಿಸುತ್ತಿದ್ದ. ಮನೆಯಲ್ಲಿ ಇದ್ದವರು ಅವರಿಬ್ಬರೇ.

ಎಕ್ಸಾಟಿಕ್ ಎಂಬ ಪದ ಸಿಕ್ಕ ದಿನ ಮಾತ್ರ ಫಿಲೋಮಿನಾ ನಗಲಿಲ್ಲ. 'ಪರದೇಶದ, ಆದ್ದರಿಂದ ಆಕರ್ಷಕವಾದ' ಎಂದು ನಾನು ಹೇಳಿದ್ದೆ.

"ನಾ ಇಲ್ಲೇ ಹುಟ್ಟಿದಾಕಿ. ಪರದೇಶದಾಕಿ ಹ್ಯಾಂಗಾದೆ?" ಎಂದಳು.

"ಹೋಗ್ಲಿ ಬಿಡಕ್ಕ, ಆಕರ್ಷಕ ಅಂತನೂ ಅಂದಾರಲ್ಲ!" ಎಂದು ಜುಜೆ ನಕ್ಕ.

ಅದೇ ಜುಜೆ ದುಡಿಯಲು ಬೆಂಗಳೂರಿಗೆ ಹೋದ. ಕಟ್ಟಡದ ಸಾರುವೆಯಿಂದ ಬಿದ್ದ. ದವಡೆ ಪುಡಿಯಾಯಿತು, ಬಲಗೈ ಮುರಿಯಿತು, ಕಾಲು ಜಜ್ಜಿಹೋಯಿತು. ಗುತ್ತಿಗೆದಾರ ಅವನನ್ನು ಒಂದು ಆಸ್ಪತ್ರೆಯ ಬಾಗಿಲಲ್ಲಿ ಇಳಿಸಿ ಮಾಯವಾದ. ಊರು ಹೇಳಲು ಜುಜೆಗೆ ಬಾಯಿ ಬರದು, ಬರೆಯಲು ಕೈ ಏಳದು. ಹೆದರಿ ಹಿಂದೆ ಸರಿದಿದ್ದ ಜೊತೆಗಾರನೊಬ್ಬ ಕೆಲವು ದಿನ ಕಳೆದ ಮೇಲೆ ಫೋನು ಮಾಡಿದ. ಫಿಲೋಮಿನಾ ಉಟ್ಟ ಸೀರೆಯಲ್ಲೇ ಬಸ್ಸು ಹತ್ತಿದಳು. ದೊಡ್ಡ ಆಸ್ಪತ್ರೆ, ಇಂಗ್ಲಿಷ್ ಬೇಕಾದೀತು ಎಂದು ನನ್ನನ್ನು ಚೀಲಕ್ಕೆ ಹಾಕಿಕೊಂಡಳು.

ಕೌಂಟರಿನ ಹೆಂಗಸು ಅವಳನ್ನು ಕಂಡೊಡನೆ ಇಂಗ್ಲಿಷಿಗೆ ತಿರುಗಿದಳು. ಫಿಲೋಮಿನಾ ಕನ್ನಡದಲ್ಲೇ ಹೇಳಿದಳು: "ನನ್ನ ತಮ್ಮ ಇಲ್ಲಿ ಅದಾನಂತ್ರಿ. ಜುಜೆ ಅಂತ. ಬಿದ್ದು ಪೆಟ್ಟಾಗೇತಿ."

"ಅಯ್ಯೋ, ಕನ್ನಡ ಎಷ್ಟು ಚೆನ್ನಾಗಿ ಕಲ್ತಿದೀರಾ! ಯಾವ ದೇಶ ನಿಮ್ದು?"

"ಯಲ್ಲಾಪುರ್ರೀ."

ಆ ಹೆಂಗಸು ನಕ್ಕಳು. ಫಿಲೋಮಿನಾ ಆಧಾರ್ ಕಾರ್ಡು ಮುಂದಿಟ್ಟಳು. ಅದನ್ನು ತಿರುಗಿಸಿ ನೋಡಿ, "ಇಂಥವು ಎಷ್ಟೋ ಬರ್ತವೆ. ಆ ಪೇಷಂಟ್ ಫಾರಿನ್ನಿನವರು ಅಂತ ಬರೆದಾಗಿದೆ. ಪೊಲೀಸರು, ಎಂಬೆಸಿಯವರು ಹೇಳೋವರೆಗೂ ಯಾರನ್ನೂ ಬಿಡಂಗಿಲ್ಲ, ಆಪರೇಷನ್ನೂ ಇಲ್ಲ" ಎಂದಳು.

ಆಪರೇಷನ್ ಇಲ್ಲ ಎಂಬ ಮಾತು ಕೇಳಿದ್ದೇ ಫಿಲೋಮಿನಾ ಒಳಗೆ ಓಡಿದಳು. ವಾರ್ಡಿನ ಬಾಗಿಲಲ್ಲಿ ಕಾದು ನಿಂತು, ಹೊರಬಂದ ಡಾಕ್ಟರನ್ನು ತಡೆದಳು. ಅವನಿಗೆ ಕನ್ನಡ ಬಾರದು. ಅವಳು ನನ್ನನ್ನು ತೆರೆದಳು. ನನ್ನ ಬಾಳಿನಲ್ಲಿ ಅಷ್ಟು ಅವಸರದಲ್ಲಿ ಯಾರೂ ನನ್ನ ಪುಟ ಮಗುಚಿರಲಿಲ್ಲ. 'ಒಡಹುಟ್ಟಿದವನು' ಎನ್ನುವುದಕ್ಕೆ ಇಂಗ್ಲಿಷಿನಲ್ಲಿ ಏನೆನ್ನುತ್ತಾರೆ? 'ನಮ್ಮವನು' ಎನ್ನುವುದಕ್ಕೆ? ನನ್ನಲ್ಲಿ ಇತ್ತು, ಎಲ್ಲವೂ ಇತ್ತು. ಆದರೆ ನಾನು ಇಂಗ್ಲಿಷಿನಿಂದ ಕನ್ನಡಕ್ಕೆ ಮಾತ್ರ. ಅವಳು ಬರುತ್ತಿದ್ದ ಕಡೆಯಿಂದ ನನಗೆ ಬಾಗಿಲೇ ಇರಲಿಲ್ಲ.

ಕೊನೆಗೆ ಅವಳಿಗೆ ಗೊತ್ತಿದ್ದ ಒಂದು ಪದ ಸಿಕ್ಕಿತು. ಫಾರಿನ್. ಅದರ ಮೇಲೆ ಬೆರಳಿಟ್ಟು, ತಲೆಯಾಡಿಸಿ, "ಅಲ್ರೀ ಸರ, ಅಲ್ಲ, ಅಲ್ಲ" ಎಂದು ಅತ್ತಳು.

ಡಾಕ್ಟರ್ ಬಗ್ಗಿ ಬೆರಳಿನ ಕೆಳಗಿನ ಪದ ಓದಿದ. ಕರುಣೆಯಿಂದಲೇ ಅವಳ ಭುಜ ತಟ್ಟಿದ. "ಯೆಸ್, ಯೆಸ್. ಫಾರಿನ್" ಎಂದು ಹೊರಟುಹೋದ.

ಫಿಲೋಮಿನಾ ನನ್ನನ್ನು ಗೋಡೆಗೆ ಎಸೆದಳು. ನನ್ನ ಬೆನ್ನು ಬಿಟ್ಟುಹೋಯಿತು. ಆಮೇಲೆ ಅವಳು ಬಾಗಿಲಿಗೆ ತಲೆ ಇಟ್ಟು ಕೂಗಿದಳು: "ಜುಜೇ! ನಾ ಬಂದೀನೋ! ಇಲ್ಲೇ ಅದೀನೋ! ನನ್ನ ಒಳಗ ಬಿಡವಲ್ರೋ!"

ಒಳಗೆ ನೆಲ ಒರೆಸುತ್ತಿದ್ದ ಕಲಘಟಗಿಯ ಆಯಾ ಶಾಂತವ್ವ ಆ ದನಿಗೆ ಬಾಗಿಲು ತೆರೆದಳು. "ಯಾಕವ್ವ, ಯಾ ಊರು ನಿಂದು?" ಎಂದಳು. ಇಡೀ ಆಸ್ಪತ್ರೆಯಲ್ಲಿ ದೇಶ ಕೇಳದೆ ಊರು ಕೇಳಿದವಳು ಅವಳೊಬ್ಬಳೇ. ಕೇಳಿಸಿಕೊಂಡವಳೇ ಫಿಲೋಮಿನಾಳ ಕೈ ಹಿಡಿದು ಹಿರಿಯ ಡಾಕ್ಟರಮ್ಮನ ಕೋಣೆಗೆ ನುಗ್ಗಿದಳು. "ಅಮ್ಮಾರೇ, ಈಕಿ ನಮ್ಮ ಕಡೀಯಾಕಿ. ಯಲ್ಲಾಪುರದಾಗ ಇವರ ಮಂದಿ ರಗಡ ಅದಾರ. ಆ ಹುಡುಗ ಈಕಿ ತಮ್ಮ!"

ಡಾಕ್ಟರಮ್ಮ ಎದ್ದು ಬಂದರು. ಫಿಲೋಮಿನಾಳನ್ನು ಕಂಡು ಜುಜೆ ಎಡಗೈಯಿಂದ ಅವಳ ಸೆರಗು ಹಿಡಿದವನು ಬಿಡಲೇ ಇಲ್ಲ. ಆಪರೇಷನ್ ಅಂದೇ ಆಯಿತು. ಆದರೆ ಕಾದು ಕಾದು ಕಾಲು ಕೊಳೆತಿತ್ತು. ಮೊಣಕಾಲಿನ ಕೆಳಗೆ ತೆಗೆದರು. ಯಾರೂ ಕ್ಷಮೆ ಕೇಳಲಿಲ್ಲ.

ಬಿದ್ದಿದ್ದ ನನ್ನನ್ನು ಶಾಂತವ್ವ ಎತ್ತಿ ಫಿಲೋಮಿನಾಳ ಚೀಲಕ್ಕೆ ಹಾಕಿದ್ದರಿಂದ ನಾನೂ ಊರಿಗೆ ಮರಳಿದೆ. ಈಗ ಒಲೆಯ ಮೇಲಿನ ಗೂಡಿನಲ್ಲಿದ್ದೇನೆ. ಹೊಗೆ ಕುಡಿದು ಹಳದಿಯಾಗಿದ್ದೇನೆ, ಬೆಳ್ಳಿಹುಳು ಅಂಚು ತಿನ್ನುತ್ತಿದೆ. ಫಿಲೋಮಿನಾ ನನ್ನನ್ನು ಮುಟ್ಟುವುದಿಲ್ಲ. ಅದು ಸರಿಯೇ. ನನ್ನಲ್ಲಿ ಸುಳ್ಳು ಅರ್ಥ ಒಂದೂ ಇಲ್ಲ, ಆದರೂ ಒಬ್ಬ ಮನುಷ್ಯನ ಕಾಲು ಹೋಯಿತು.

ದವಡೆಗೆ ಕಟ್ಟಿದ್ದ ತಂತಿ ಬಿಚ್ಚಿದ ಮೇಲೂ ಜುಜೆ ಬಹುಕಾಲ ಮಾತಾಡಲಿಲ್ಲ. ಮೊನ್ನೆ ಮಧ್ಯಾಹ್ನ, ಅಕ್ಕ ಹಿತ್ತಿಲಲ್ಲಿ ಬಟ್ಟೆ ಒಗೆಯುತ್ತಿದ್ದಾಗ, ಮಂಚದ ಮೇಲಿಂದ ಒಂದು ಪದ ಕೂಗಿದ. ಒಡೆದ ದನಿ, ಅವರ ಮನೆಯ ಕೊಂಕಣಿ. ನನಗೆ ಅದರ ಅರ್ಥ ತಿಳಿಯದು. ಫಿಲೋಮಿನಾ ಒದ್ದೆ ಕೈಯಲ್ಲೇ ಓಡಿ ಬಂದಳು.