ಯಾರೂ ಸಾಯದ ತಿರುವು

ಮನೆಗೆ ಬಂದು ಮೂರು ದಿನವಾಗಿದ್ದರೂ ಮೈ ಇನ್ನೂ ಬೈಕಿನ ಮೇಲೇ ಇತ್ತು. ಕುರ್ಚಿಯಲ್ಲಿ ಕೂತರೆ ತೊಡೆ ನಡುಗುತ್ತಿತ್ತು, ಮಲಗಿದರೆ ಮಂಚ ಓಡುತ್ತಿತ್ತು. ದೇಶದ ಉತ್ತರ ತುದಿಯ ಅರೀಕಾದಿಂದ ನಮ್ಮೂರು ತಾಲ್ತಾಲ್‌ವರೆಗೆ ಹನ್ನೊಂದು ದಿನ, ಒಬ್ಬನೇ. ಎರಡು ದಿನ ಮರುಭೂಮಿ, ಆ ಬೋಳು ಸಾಕಾದರೆ ಇಳಿದು ಒಂದು ದಿನ ಕಡಲ ದಂಡೆ, ಮತ್ತೆ ಮೇಲಕ್ಕೆ. ಹನ್ನೆರಡು ವರ್ಷದ ಹಿಂದೆ ನಾನೂ ತಮ್ಮ ಒಸಿಯೆಲ್ಲೂ ಹಿಡಿದಿದ್ದ ದಾರಿಯೇ ಅದು. ಆಗಲೂ ಮನೆ ತಲುಪಿದವನು ನಾನೊಬ್ಬನೇ.

"ಕೂತ್ಕೊಳೋ ಎದಿಲಿಯೊ, ಕಾಲಿಗೆ ಇರುವೆ ಹತ್ತಿದ್ಯಾ?" ಎಂದಳು ಅಮ್ಮ. "ಐವತ್ತಾಯ್ತು, ಇನ್ನೂ ಮೊಟ್ಟೆ ಇಡೋ ಕೋಳಿ ಥರ ಮನೆಯೆಲ್ಲಾ ಸುತ್ತುತೀಯ."

ಅಮ್ಮ ಬಂದರಿನಲ್ಲಿ ಎಂಪನಾಡಾ ಕಡುಬು ಕರಿದು ಮಾರುತ್ತಾಳೆ. ಊರಿಗೆಲ್ಲ ದೋನ್ಯಾ ಸುನಿಲ್ಡಾ ಆದ ಅವಳ ಬಾಯಿಗೆ ಮೀನುಗಾರರೂ ಹೆದರುತ್ತಾರೆ. ಸೋಮವಾರ ಮಾತ್ರ ಅಂಗಡಿಯಿಲ್ಲ, ಅದು ಸತ್ತವರ ದಿನ. ನನ್ನ ಗಾಡಿಯ ಹಿಂದೆ ಕೂತು, ಊರಿನಿಂದ ಆರು ಕಿಲೋಮೀಟರ್ ಆಚೆಯ ತಿರುವಿಗೆ ಹೋಗುತ್ತಾಳೆ. ಅಲ್ಲಿ ಒಸಿಯೆಲ್‌ನ ಅನಿಮಿತಾ ಇದೆ. ರಸ್ತೆಯಲ್ಲಿ ಸತ್ತವನ ಆತ್ಮ ಬಿದ್ದ ಜಾಗ ಬಿಟ್ಟು ಕದಲುವುದಿಲ್ಲವಲ್ಲ, ಅದಕ್ಕೆ ನಾಯಿಗೂಡಿನಷ್ಟಾದರೂ ಒಂದು ಮನೆ ಬೇಕು, ಈ ಬೆಂಗಾಡಿನಲ್ಲಿ ಕುಡಿಯಲು ನೀರು ಬೇಕು. ನಮ್ಮದು ಸಿಮೆಂಟಿನದು, ನೀಲಿ ಬಣ್ಣದ್ದು. ಲಾರಿಗಳು ಹಾರ್ನ್ ಹೊಡೆಯದೆ ದಾಟುವುದಿಲ್ಲ. ಈಚೆಗೆ ಅವನು ಹರಕೆಗಳನ್ನೂ ಈಡೇರಿಸುತ್ತಿದ್ದಾನೆ. 'ಬೇಡಿದ್ದು ಕೊಟ್ಟ ಒಸಿಯೆಲ್‌ಗೆ ವಂದನೆ' ಎಂಬ ಹಲಗೆಗಳೇ ಇಪ್ಪತ್ತಕ್ಕೂ ಮಿಕ್ಕಿವೆ. ಒಬ್ಬನಿಗೆ ಗಣಿಯಲ್ಲಿ ಕೆಲಸ ಸಿಕ್ಕಿತಂತೆ, ಒಬ್ಬಳ ಗಂಡ ಕುಡಿಯುವುದು ಬಿಟ್ಟನಂತೆ. ಅಮ್ಮ ಪ್ರತಿ ಹಲಗೆಯನ್ನೂ ಒರೆಸಿ, ಓದಿ, ಹಿಗ್ಗುತ್ತಾಳೆ.

ಆ ತಿರುವಿನಲ್ಲಿ ಯಾರೂ ಸತ್ತಿಲ್ಲ. ಅಮ್ಮನಿಗೆ ಆ ಜಾಗ ತೋರಿಸಿದವನು ನಾನು.

ಅವತ್ತು ನಮ್ಮ ಪ್ರಯಾಣದ ಕೊನೆಯ ದಿನ. ಒಸಿಯೆಲ್‌ನ ಗಾಡಿಯ ಚೈನು ಪದೇ ಪದೇ ಕಳಚುತ್ತಿತ್ತು. ಅವನಿಗೆ ಅದೇ ಒಂದು ನೆಪ. ಇಳಿದು, ಕಡಲು ನೋಡುತ್ತಾ, ಶಿಳ್ಳೆ ಹಾಕುತ್ತಾ ರಿಪೇರಿ ಮಾಡುತ್ತಿದ್ದ. ನನಗೆ ಮೈಯೆಲ್ಲ ಉರಿ.

"ಏನವಸರ ಅಣ್ಣಾ? ಮನೆ ಎಲ್ಲೂ ಓಡಿಹೋಗಲ್ಲ."

"ನಿನ್ನ ಜೊತೆ ಬಂದೆನಲ್ಲ, ನನಗೆ ಬುದ್ಧಿ ಇಲ್ಲ! ನಾನು ಮುಂದೆ ಹೋಗ್ತೀನಿ. ಪಾಪೋಸೊ ಜೆಟ್ಟಿ ಹತ್ರ ಇರ್ತೀನಿ, ಬಾ."

"ಕಾಯ್ತೀಯ ತಾನೇ?"

"ಕಾಯ್ತೀನಿ ಅಂದ್ನಲ್ಲ!"

ಮೀನುಗಾರರ ಹಳ್ಳಿ ಪಾಪೋಸೊದಲ್ಲಿ, ದೋಣಿ ಕಟ್ಟುವ ಜೆಟ್ಟಿಯ ಮೇಲೆ ಕೂತು ಎರಡು ಸಿಗರೇಟು ಮುಗಿಸಿದೆ. ಕಾಲು ನಿಲ್ಲಲಿಲ್ಲ, ಸೀದಾ ಮನೆಗೆ ಬಂದೆ. ಸಂಜೆ ಯಾವನೋ ಲಾರಿಯವನು ಒಸಿಯೆಲ್‌ನ ಹೆಣವನ್ನು ಆಸ್ಪತ್ರೆಗೆ ಇಳಿಸಿ ಹೋದ. ಕಾಗದದಲ್ಲಿ 'ಕರಾವಳಿ ರಸ್ತೆ' ಎಂದಷ್ಟೇ ಬರೆದಿತ್ತು. ಎಲ್ಲಿ ಬಿದ್ದ ಎಂದು ಅಮ್ಮ ಕೇಳಿದಾಗ, ಅಷ್ಟು ದೂರದಲ್ಲಿ ಬಿಟ್ಟುಬಂದೆ ಎನ್ನಲು ನಾಲಿಗೆ ಏಳಲಿಲ್ಲ. ಊರ ಹತ್ತಿರದವರೆಗೂ ಜೊತೆಗೇ ಬಂದೆವು, ಆ ತಿರುವಿನಲ್ಲಿ ಚೈನು ಹಾಕಲು ನಿಂತ ಎಂದೆ. ವಾರದೊಳಗೆ ಅವಳು ಸಿಮೆಂಟು ತರಿಸಿದಳು.

ಅಂದಿನಿಂದ ನನಗೆ ಎಲ್ಲೂ ನೆಲೆಯಿಲ್ಲ. ಅವನು ಎಲ್ಲೋ ಬಾಯಾರಿ ನಿಂತಿದ್ದಾನೆ, ನೀರು ಮಾತ್ರ ಬೇರೆಡೆಗೆ ಹೋಗುತ್ತಿದೆ ಎಂಬುದೊಂದೇ ತಲೆಯಲ್ಲಿ. ಈ ವರ್ಷ ತಡೆಯಲಾಗದೆ, ಅದೇ ದಾರಿ ಹಿಡಿದು ಅವನು ಬಿದ್ದ ಜಾಗ ಹುಡುಕಲು ಹೊರಟೆ. ದಾರಿಯುದ್ದಕ್ಕೂ ಕಂಡ ಅನಿಮಿತಾಗಳಿಗೆಲ್ಲ ಹಾರ್ನ್ ಹೊಡೆದೆ. ಪಾಪೋಸೊಗೆ ಹನ್ನೆರಡು ಕಿಲೋಮೀಟರ್ ಇರುವಾಗ ತಗಡಿನ ಡಬ್ಬದಲ್ಲಿ ಮಾಡಿದ ಒಂದು ಮನೆ ಕಂಡಿತು. ಸುತ್ತ ನೀರಿನ ಬಾಟಲಿಗಳು. 'ಮೋಟಾರ್‌ಸೈಕಲ್ ಹುಡುಗ' ಎಂದು ಬರೆದು, ಕೆಳಗೆ ಒಸಿಯೆಲ್ ಸತ್ತ ದಿನದ ತಾರೀಕು. ಅದರ ಕೆಳಗೆ, 'ಮನೆಯವರು ಯಾರಾದರೂ ಇದ್ದರೆ ಬೆಲಿಸಾರಿಯೊಗೆ ಫೋನ್ ಮಾಡಿ' ಎಂದು ಒಂದು ನಂಬರು. ಪಾಪೋಸೊಗೆ ಬಂದು ಫೋನ್ ಮಾಡಿದೆ.

"ಹೂಂನಪ್ಪಾ, ಕಟ್ಟಿದ್ದು ನಾನೇ," ಎಂದಿತು ಮುದಿ ದನಿ. "ಬಿದ್ದು ಒಂದೆರಡು ಗಂಟೆ ಆಗಿತ್ತಂತೆ, ನಾನು ಲಾರಿ ನಿಲ್ಲಿಸಿದಾಗ ಇನ್ನೂ ಜೀವ ಇತ್ತು. ಭಾರೀ ಆಳು, ನನ್ನೊಬ್ಬನ ಕೈಲಿ ಎತ್ತೋಕಾಗ್ಲಿಲ್ಲ. 'ನಮ್ಮಣ್ಣ ಪಾಪೋಸೊ ಜೆಟ್ಟೀಲಿ ಕಾಯ್ತಿದಾನೆ, ಕರ್ಕೊಂಡ್ ಬನ್ನಿ' ಅಂದ. ಹೋದೆ. ಜೆಟ್ಟಿಯೆಲ್ಲ ಹುಡುಕಿದೆ, ಒಂದು ನರಪಿಳ್ಳೆ ಇಲ್ಲ. ವಾಪಸ್ ಬರೋಷ್ಟ್ರಲ್ಲಿ ಮುಗಿದುಹೋಗಿತ್ತು. ಆಮೇಲೆ ಬಂದ ಇನ್ನೊಬ್ಬ ಲಾರಿಯವನ ಕೈ ಹಿಡಿಸಿ ಎತ್ತಿ, ತಾಲ್ತಾಲ್ ಆಸ್ಪತ್ರೆಗೆ ಇಳಿಸಿದೆ. ನೀವು ಅವನಿಗೇನಾಗ್ಬೇಕು?"

"ಪರಿಚಯ, ಅಷ್ಟೇ."

"ಆ ಅಣ್ಣ ಸಿಕ್ರೆ ಹೇಳಿ, ನೀರಿಗೆ ನಾನೇನೂ ಕಮ್ಮಿ ಮಾಡಿಲ್ಲ ಅಂತ."

ಅದನ್ನು ಹೊಟ್ಟೆಯಲ್ಲಿಟ್ಟುಕೊಂಡು ಮೂರು ದಿನ ಮನೆಯೊಳಗೆ ತಿರುಗಿದೆ. ಸೋಮವಾರ ಬೆಳಗ್ಗೆ ಅಮ್ಮ ಆರು ಬಾಟಲಿ ನೀರು ಚೀಲಕ್ಕೆ ತುಂಬಿ, ಗಾಡಿಯ ಮೇಲೆ ಕೂತು ನನ್ನ ಬೆನ್ನು ತಟ್ಟಿದಳು. "ಹೊರಡೋ, ಬಿಸಿಲೇರತ್ತೆ."

ಮುಖ ನೋಡಿ ಹೇಳುವ ಧೈರ್ಯ ಇರಲಿಲ್ಲ. ಕೂತಲ್ಲೇ, ಹ್ಯಾಂಡಲ್ ಹಿಡಿದುಕೊಂಡೇ, ಬಾಯಿಬಿಟ್ಟೆ. ಜಗಳ, ಜೆಟ್ಟಿ, ತಗಡಿನ ಮನೆ, ಲಾರಿಯವನ ಮಾತು, ಒಂದೂ ಉಳಿಸಲಿಲ್ಲ.

ಹಿಂದೆ ಅವಳು ನೀರಿನ ಚೀಲವನ್ನು ಮಡಿಲಿಗೆ ಎಳೆದುಕೊಂಡಳು. ಆಮೇಲೆ ಕೇಳಿದಳು, "ಬಿದ್ದಮೇಲೆ ಎಷ್ಟೊತ್ತು ಜೀವ ಇತ್ತು?"

"ಒಂದೆರಡು ಗಂಟೆ."

"ಆಗ ನೀನೆಲ್ಲಿದ್ದೆ?"

"ಮನೇಲಿ."

"ಹೂಂ. ಮಧ್ಯಾಹ್ನ ಹುರುಳಿಕಾಳು ಬೇಯಿಸಿದ್ದೆ. ತಮ್ಮ ಎಲ್ಲೋ ಅಂದ್ರೆ, ಬರ್ತಿದಾನೆ ಅಂದೆ ನೀನು. ಹಸಿದಿದೀಯ ಅಂತ ಅವನ ಪಾಲೂ ನಿನಗೇ ಬಡಿಸಿದೆ. ನೀನು ತಿಂದೆ."

ಅವಳು ಇಳಿದಳು. ಬೈದಿದ್ದರೆ, ಹೊಡೆದಿದ್ದರೆ ತಡೆದುಕೊಳ್ಳುತ್ತಿದ್ದೆ. ಚೀಲ ಹೆಗಲಿಗೇರಿಸಿ ರಸ್ತೆಗೆ ನಡೆದು ಲಾರಿಯೊಂದಕ್ಕೆ ಕೈ ಅಡ್ಡ ಹಿಡಿದಳು.

"ಅಮ್ಮಾ, ನಾನೇ ಕರ್ಕೊಂಡು ಹೋಗ್ತೀನಿ."

"ನಿನ್ನ ಹಿಂದೆ ನಾನು ಕೂರಲ್ಲ."

ಲಾರಿಯ ಹಿಂದೆಯೇ ಗಾಡಿ ಓಡಿಸಿದೆ. ನೀಲಿ ಮನೆಯ ತಿರುವಿನಲ್ಲಿ ಡ್ರೈವರ್ ಎಂದಿನಂತೆ ಹಾರ್ನ್ ಹೊಡೆದ. ಅಮ್ಮ ಆ ಕಡೆ ತಲೆ ಹೊರಳಿಸಲಿಲ್ಲ. ಐವತ್ತು ಕಿಲೋಮೀಟರ್ ಆ ಲಾರಿಯ ಧೂಳು ತಿಂದೆ. ಹಿಂದಿಕ್ಕಿ ಹೋಗಲು ಕೈ ತುರಿಸಿತು, ಹೋಗಲಿಲ್ಲ.

ಪಾಪೋಸೊ ಜೆಟ್ಟಿಯ ಎದುರು ಲಾರಿ ನಿಂತಿತು. ಅಮ್ಮ ಕಿಟಕಿಯಿಂದ ತಲೆ ಹೊರಹಾಕಿದಳು.

"ನೀನು ಇಲ್ಲೇ ಇರು. ನಾನು ಅವನ ಹತ್ರ ಹೋಗಿ ಬರ್ತೀನಿ. ರಾತ್ರಿ ಆಗ್ಲಿ, ನಾಳೆ ಆಗ್ಲಿ, ಕಾಯಿ."

ಲಾರಿ ಉತ್ತರಕ್ಕೆ ಹೊರಟಿತು. ನಾನು ಗಾಡಿ ನಿಲ್ಲಿಸಿ ಜೆಟ್ಟಿಯ ಕಲ್ಲಿನ ಮೇಲೆ ಕೂತೆ. ಕಾಲು ಏಳು, ಏಳು ಎನ್ನುತ್ತಲೇ ಇತ್ತು.