ಮದ್ದಜ್ಜಿಯ ಹಲ್ಲುನೋವಿನ ಮದ್ದು

ತಾಯಿ ಮಗಳು ಅಂಗಳದಲ್ಲಿ ಬುಟ್ಟಿ ಹೆಣೆಯುತ್ತಿದ್ದರು. ಮಗಳು ಊಟವನ್ನು ಅರ್ಧಕ್ಕೇ ಬಿಟ್ಟು ಎದ್ದು ಬಂದಿದ್ದಳು.

"ಖಾರ ಜಾಸ್ತಿ ಆಯ್ತೇನೇ?"

"ಖಾರ ಏನಿಲ್ಲಮ್ಮ. ಕೆನ್ನೆ ಒಳಗಿನ ಹುಣ್ಣು ಮಾಯ್ತಾನೇ ಇಲ್ಲ. ಎರಡು ತಿಂಗಳಾಯ್ತು."

ತಾಯಿಯನ್ನು ಊರಿನ ಮೂವತ್ತು ಮನೆಗಳ ಬುಡಕಟ್ಟಿನ ಜನ ಮದ್ದಜ್ಜಿ ಎಂದೇ ಕರೆಯುತ್ತಿದ್ದರು. ಈ ಜನರನ್ನು ಕಾಡಿನಿಂದ ಎಬ್ಬಿಸಿ ಇಲ್ಲಿ ತಂದು ಕೂರಿಸಿದ ಸರ್ಕಾರದವರು ಮನೆ ಕಟ್ಟಿಕೊಟ್ಟರು, ನಲ್ಲಿ ಹಾಕಿಸಿದರು. ಹಲ್ಲಿನ ಡಾಕ್ಟರನ್ನು ಮಾತ್ರ ಮರೆತರು. ಹಾಗಾಗಿ ಯಾರಿಗೆ ಹಲ್ಲು ನೋವು ಬಂದರೂ ಮದ್ದಜ್ಜಿಯೇ ಗತಿ. ಅವಳು ಒಂದು ಚಿಟಿಕೆ ಹೊಗೆಸೊಪ್ಪನ್ನು ಸುಣ್ಣದ ಜೊತೆ ತಿಕ್ಕಿ ಒಸಡಿಗೆ ಒತ್ತುತ್ತಿದ್ದಳು. ಒಸಡು ಜೋಮು ಹಿಡಿದು ನೋವು ಸುಮ್ಮನಾಗುತ್ತಿತ್ತು. ಕೈಗುಣ ಅಂದರೆ ಇದಪ್ಪ ಎಂದು ಜನ ಹೊಗಳುತ್ತಿದ್ದರು. ಹೊಗಳಿಕೆ ಯಾರಿಗೆ ಬೇಡ, ಅವಳೂ ಹಿಗ್ಗುತ್ತಿದ್ದಳು.

ಹುಣ್ಣಿನ ಪರೀಕ್ಷೆಯ ಚೀಟಿ ಬಂದ ದಿನ ಆಸ್ಪತ್ರೆಯಲ್ಲಿ ಡಾಕ್ಟರಮ್ಮ ಇಬ್ಬರನ್ನೂ ಕೂರಿಸಿಕೊಂಡು ವಿಷಯ ಹೇಳಿದರು. ಬಾಯಿಯ ಕ್ಯಾನ್ಸರ್. ಕೆನ್ನೆಯ ಜೊತೆ ದವಡೆಯ ಒಂದು ಭಾಗವನ್ನೂ ತೆಗೆಯಬೇಕಾಗುತ್ತದೆ.

"ಹೊಗೆಸೊಪ್ಪು ಯಾವಾಗಿಂದ ಹಾಕ್ತಿದೀಯಮ್ಮ? ಯಾರು ಕಲಿಸಿದ್ರು?"

"ಯಾರೂ ಇಲ್ಲ. ನಾನೇ ಕಲ್ತೆ," ಎಂದಳು ಮಗಳು, ತಾಯಿಯ ಕಡೆ ನೋಡದೆ.

ಮಗಳು ಬೈದಿದ್ದರೆ ಮದ್ದಜ್ಜಿ ತಡೆದುಕೊಳ್ಳುತ್ತಿದ್ದಳು. ಈ ಸುಳ್ಳನ್ನು ತಡೆದುಕೊಳ್ಳಲು ಆಗಲಿಲ್ಲ.

"ಸುಳ್ಳು ಹೇಳ್ತಿದಾಳೆ ಡಾಕ್ಟ್ರೇ. ಹನ್ನೆರಡು ವರ್ಷದವಳಿದ್ದಾಗ ಹಲ್ಲು ನೋವು ಅಂತ ಅತ್ಲು, ನಾನೇ ಇಟ್ಟೆ. ಆಮೇಲೆ ಅವಳಿಗೆ ಬಿಡೋಕಾಗ್ಲಿಲ್ಲ. ಆಸ್ಪತ್ರೆ ನೋಡಿದ್ರೆ ಇಷ್ಟು ದೂರ. ಮಗು ಒದ್ದಾಡ್ತಿದ್ರೆ ನಾನೇನ್ ಮಾಡ್ಲಿ?"

"ದೂರ ಇರೋದು ನಮ್ಮ ತಪ್ಪು, ಒಪ್ಕೋತೀನಿ. ಆದ್ರೆ ಹೊಗೆಸೊಪ್ಪಿಂದ ಹುಳುಕು ಹೋಗಲ್ಲ ಅಜ್ಜಿ. ನೋವು ಗೊತ್ತಾಗಲ್ಲ, ಅಷ್ಟೇ." ಡಾಕ್ಟರಮ್ಮ ಕೇಳಿದರು, "ಇನ್ನೂ ಎಷ್ಟು ಜನಕ್ಕೆ ಕೊಟ್ಟಿದ್ದೀರಿ?"

ಮದ್ದಜ್ಜಿ ಬೆರಳು ಮಡಿಸತೊಡಗಿದಳು. ಎರಡೂ ಕೈಯ ಬೆರಳು ಮುಗಿದವು.

"ಬಾಯಲ್ಲಿ ಬಿಳಿ ಮಚ್ಚೆ, ಮಾಯದ ಹುಣ್ಣು ಯಾರಿಗಿದ್ರೂ ಕರ್ಕೊಂಡ್ ಬನ್ನಿ. ಬೇಗ ಬಂದ್ರೆ ಉಳಿಸ್ಕೋಬಹುದು."

ಮಗಳ ಆಪರೇಷನ್ ಮುಗಿದ ಮೇಲೆ ಅವಳ ಬಳಿ ಅಳಿಯನನ್ನು ಕೂರಿಸಿ ಮದ್ದಜ್ಜಿ ಊರಿಗೆ ಬಂದಳು. ತಾನು ಮದ್ದು ಕೊಟ್ಟ ಮನೆಗಳಲ್ಲಿ ಒಂದನ್ನೂ ಅವಳು ಮರೆತಿರಲಿಲ್ಲ. ಮೊದಲ ಮನೆಯಲ್ಲಿ ಇಟ್ಟಿಗೆ ಹೊರುವ ಹೆಂಗಸು ನಗುತ್ತಲೇ ಎದ್ದು ಬಂದಳು.

"ಏನಜ್ಜಿ, ಮದ್ದು ಮನೆ ಬಾಗಿಲಿಗೇ ಬಂತಾ?"

"ಬಾಯಿ ತೆಗಿ ಮಗಳೇ, ನೋಡ್ಬೇಕು."

"ಯಾಕಜ್ಜಿ? ನಿನ್ನ ಮದ್ದಿಂದ ಆರಾಮಾಗೇ ಇದೀನಲ್ಲ."

"ಅದು ಮದ್ದಲ್ಲ. ನನ್ನ ಮಗಳ ದವಡೆ ತಿಂದ್ಬಿಡ್ತು. ಅವಳಿಗೂ ನಾನೇ ಕೊಟ್ಟೆ, ನಿನಗೂ ನಾನೇ ಕೊಟ್ಟೆ."

ಹೆಂಗಸಿನ ನಗು ನಿಂತಿತು. "ಇಷ್ಟು ವರ್ಷ ಆದ್ಮೇಲೆ ಬಂದು ಹೇಳ್ತೀಯಲ್ಲಜ್ಜಿ."

"ಹೂಂ. ಬೈಯಿ. ಬೈದಾದ್ಮೇಲೆ ಬಾಯಿ ತೆಗಿ."

ಅವಳು ಬೈಯಲಿಲ್ಲ. ಬೆಳಕಿನ ಕಡೆ ತಿರುಗಿ ಬಾಯಿ ತೆರೆದಳು. ಕೆನ್ನೆಯ ಒಳಗೆ ಹೆಬ್ಬೆರಳಿನಗಲ ಬಿಳಿ ಮಚ್ಚೆಯಿತ್ತು.

"ನಾಳೆ ಮೊದಲ ಬಸ್ಸಿಗೆ ನಿನ್ನ ಜೊತೆ ನಾನೂ ಬರ್ತೀನಿ," ಎಂದು ಹೇಳಿ ಮದ್ದಜ್ಜಿ ಪಕ್ಕದ ಮನೆಯ ಬಾಗಿಲು ತಟ್ಟಿದಳು.