ಬೀರುವಿನಲ್ಲಿ ಹಿಡಿಸುವ ನಳಿಗೆ

೧

ಹೇಗೆ ಶುರು ಮಾಡಲಿ? ಮೊದಲ ಸಾಲಿನಲ್ಲೇ ರೈಫಲ್ ಇಟ್ಟರೆ, ಯಾರು ಸಾಯುತ್ತಾರೆ ಎಂದು ಕೊನೆಯವರೆಗೂ ಕತ್ತು ಉದ್ದ ಮಾಡಿಕೊಂಡು ಕೂರುತ್ತೀರಿ. ನಿಮ್ಮನ್ನು ನಾನು ನಂಬುವುದಿಲ್ಲ. ಬೀರುವಿನಿಂದಲೇ ಶುರು ಮಾಡುತ್ತೇನೆ.

ಸೊರಬದ ಕಡೆಯ ಕುಪ್ಪಗಡ್ಡೆಯ ಸರ್ವಮಂಗಳ ತನ್ನ ಬೀರುವಿನಲ್ಲಿ ಸೀರೆ ತೂಗುಹಾಕುವ ಖಾನೆಯನ್ನು ಲಂಗದ ಲಾಡಿಯಿಂದ ಅಳೆದಳು. ಅಳತೆಗೆ ಗಂಟು ಹಾಕಿ, ಲಾಡಿಯನ್ನು ಬ್ಯಾಗಿಗೆ ಸೇರಿಸಿ, ಗಂಡ ಪಂಚಾಕ್ಷರಪ್ಪನ ಜೊತೆ ಶಿಕಾರಿಪುರದ ಬಸ್ಸು ಹತ್ತಿದಳು. ಮಾವನ ಕಾಲದ ಕೋವಿಗೆ ತುಕ್ಕು ಹಿಡಿದಿತ್ತು, ಮೆಕ್ಕೆಜೋಳಕ್ಕೆ ಹಂದಿ ಬೀಳುತ್ತಿತ್ತು, ಲೈಸೆನ್ಸ್ ಇತ್ತು. ಹೊಸ ರೈಫಲ್ ಬೇಕು ಎಂದು ಗಂಡ ಹಟ ಹಿಡಿದಿದ್ದ.

(ಶಿಕಾರಿಪುರದಲ್ಲಿ ಕೋವಿ ಅಂಗಡಿ ಎಲ್ಲಿದೆ ಎನ್ನಬೇಡಿ. ಈಗಷ್ಟೇ ನಾನೇ ಕಟ್ಟಿಸಿದೆ. ಬಣ್ಣ ಇನ್ನೂ ಹಸಿ, ಗೋಡೆಗೆ ಒರಗಬೇಡಿ.)

೨

ಅಂಗಡಿಯ ಪರಮಶಿವಪ್ಪ ಎರಡು ರೈಫಲ್ ತಂದು ಮೇಜಿನ ಮೇಲಿಟ್ಟ.

"ಉದ್ದ ನಳಿಗೆದು ತಗೊಳ್ರಿ ಗೌಡ್ರೆ. ಗುಂಡಿಗೆ ಓಟ ಜಾಸ್ತಿ, ಗುರಿ ಅಲುಗಲ್ಲ. ಗಿಡ್ಡದ್ದು ಪೊದೆ ಒಳಗೆ ತಿರುಗ್ಸಾಕೆ ಚಲೋ, ಆದ್ರೆ ಸದ್ದು ಕಿವಿಗೆ ಬಡೀತೈತಿ."

"ನಮ್ದು ಬಯಲು ಹೊಲ. ಉದ್ದದ್ದೇ ಇರ್ಲಿ," ಎಂದ ಪಂಚಾಕ್ಷರಪ್ಪ.

"ಗಿಡ್ಡದ್ದು," ಎಂದಳು ಸರ್ವಮಂಗಳ.

ನನಗೆ ಅವಳ ಮೇಲೆ ಅನುಮಾನ ಬಂತು. ಗಿಡ್ಡ ನಳಿಗೆ ಎಂದರೆ ಮನೆಯೊಳಗಿನ ಕೆಲಸಕ್ಕೆ. ತಡಮಾಡದೆ ಬರೆದೆ: ಸರ್ವಮಂಗಳ ಮಲಗಿದ್ದ ಗಂಡನ ಎದೆಗೆ...

"ಥೂ, ಹೊಡೆದು ಹಾಕ್ರಿ ಅದನ್ನ! ಸೀರಿಯಲ್ ನೋಡಿ ನೋಡಿ ಕೆಟ್ಟಿದೀರಿ," ಎಂದು ನನಗೇ ಬೈದಳು. "ಉದ್ದದ್ದು ತಂದ್ರೆ ಬಾಗ್ಲ ಹಿಂದೆ ನಿಲ್ಸ್ತಾರೆ, ಸಿಟ್ಟು ಬಂದಾಗ ಕೈಗೆ ಸಿಗ್ತದೆ. ಗಿಡ್ಡದ್ದಾದ್ರೆ ಬೀರು ಒಳಗೆ. ಕೀಲಿ ನನ್ನ ಹತ್ರ."

"ಅಷ್ಟು ಭಯ ಯಾಕಮ್ಮ?" ಎಂದೆ.

"ಬದು ಒತ್ತಿದಾನೆ ಅಂತ ನಮ್ಮ ಮೈದುನ ಚಂದ್ರಶೇಖರನ ಜತೆ ಇವ್ರು ಮಾತು ಬಿಟ್ಟಿದಾರೆ. ಹಂದಿ ಮೊದ್ಲಿಂದ್ಲೂ ಇತ್ತಲ್ಲ, ಹೊಸ ರೈಫಲ್ ಈಗ್ಯಾಕೆ?"

ಹೊಡೆದು ಹಾಕಿದೆ.

ಅವಳು ಲಾಡಿ ತೆಗೆದು ಹಿಡಿಯಿಂದ ನಳಿಗೆಯ ಬಾಯಿಯವರೆಗೆ ಹಿಡಿದಳು. ಉದ್ದದ್ದು ಗಂಟು ದಾಟಿತು, ಗಿಡ್ಡದ್ದು ದಾಟಲಿಲ್ಲ.

"ಅಕ್ಕಾರೆ, ರೈಫಲ್ಲಿಗೆ ಲಾಡಿ ಅಳತೆ ನಾ ಇವತ್ತೇ ಕಂಡಿದ್ದು!" ಪರಮಶಿವಪ್ಪ ಬಿದ್ದು ಬಿದ್ದು ನಕ್ಕ. ಪಂಚಾಕ್ಷರಪ್ಪ ನಗಲಿಲ್ಲ. ಗಂಟನ್ನೇ ನೋಡುತ್ತಾ, "ಗಿಡ್ಡದ್ದೇ ಕೊಡ್ರಿ," ಎಂದ.

ಇಷ್ಟು ಸುಲಭಕ್ಕೆ ಒಪ್ಪುವ ಗಂಡಸಲ್ಲ.

೪

(ಮೂರು ಇಲ್ಲ. ಅದರಲ್ಲಿ ಅಣ್ಣತಮ್ಮಂದಿರು ತಬ್ಬಿಕೊಂಡು ಅತ್ತಿದ್ದರು. ಓದಿ ನನಗೇ ನಗು ಬಂತು.)

ಮುಸ್ಸಂಜೆ ಹೊಲದ ಕಡೆ ನಾಯಿ ಬೊಗಳಿತು.

"ಹಂದಿ ಬಿದ್ದಾವೆ. ಕೀಲಿ ಕೊಡು ಮಂಗಳಾ."

ಕೀಲಿ ಅದೇ ಲಾಡಿಯಲ್ಲಿ ಅವಳ ಸೊಂಟದಲ್ಲಿತ್ತು. ಕಿಟಕಿಯಿಂದ ನೋಡಿದಳು. ಬದುವಿನ ಹತ್ತಿರ ಜೋಳ ಅಲುಗುತ್ತಿತ್ತು. ಹಂದಿ ಕಾಯುವಾಗ ಗಂಡ ತಲೆಗೆ ಕಟ್ಟುವ ಬ್ಯಾಟರಿ ಮಾತ್ರ ಗೂಟದಲ್ಲೇ ನೇತಾಡುತ್ತಿತ್ತು.

"ನೀವೇ ಬರಿಯೋರಲ್ಲ, ಹೇಳ್ರಿ," ಎಂದಳು ನನಗೆ. "ಅಲ್ಲಿರೋದು ಹಂದಿನೋ, ಚಂದ್ರುನೋ?"

ನನಗೆ ಗೊತ್ತಿಲ್ಲ. ಹಂದಿ ಎಂದು ಬರೆದರೆ ಕೀಲಿ ಕೊಡುತ್ತಾಳೆ. ಅದು ಸುಳ್ಳಾದರೆ? ಚಂದ್ರು ಎಂದು ಬರೆದರೆ ಕೊಡುವುದಿಲ್ಲ. ಆಮೇಲೆ ಹಂದಿಯೇ ಹೊರಬಿದ್ದರೆ, ಗಂಡನನ್ನು ಕೊಲೆಗಾರ ಎಂದುಕೊಂಡವಳು ಅವನಿಗೆ ಹೇಗೆ ಊಟ ಬಡಿಸುತ್ತಾಳೆ?

"ಗೊತ್ತಿಲ್ದಿದ್ರೆ ಮುಂದಿನ ಸಾಲು ಬರೀಬ್ಯಾಡ್ರಿ. ನೀವು ಬರೀದೆ ಇರೋವರೆಗೂ ಕೀಲಿ ನನ್ನ ಸೊಂಟದಲ್ಲೇ ಇರ್ತದೆ."

ಸರಿ ಎನಿಸಿತು. ಪೆನ್ನಿಗೆ ಮುಚ್ಚಳ ಹಾಕಿದೆ.

ಆಗ ಪಂಚಾಕ್ಷರಪ್ಪ ಮೊದಲ ಸಲ ನನ್ನ ಕಡೆ ತಿರುಗಿ ಕೈ ಚಾಚಿದ.

"ಆ ಪೆನ್ನು ಕೊಡ್ರಿ ಇಲ್ಲಿ."